ರಜಾದಲ್ಲಿ ಸುಮ್ಮನೆ ಇರೋ ಬದಲು

(ಶಿಡ್ಲಘಟ್ಟ ಕಡೆಯ ಒಂದು ಹಳ್ಳಿಯ ಶಾಲೆ ಅಂಗಳದಲ್ಲಿ ಬೇಸಿಗೆಯ ಸಂಜೆ ರೈತರ ಮುಂದೆ ಆಡಿದ ಮಾತುಗಳಿವು. ಓದುಗರಿಗಾಗಿ ಬರಹಕ್ಕೆ ಇಳಿಸುವಾಗ ಲೆಕ್ಕಗಳನ್ನು ಮಾತ್ರ ಇನ್ನಷ್ಟು ಬಿಡಿಸಿ ಬರೆದಿದ್ದೇನೆ.)



ನಿಮ್ಮನ್ನ ಒಂದು ಪ್ರಶ್ನೆ ಕೇಳಿ ಮಾತು ಶುರು ಮಾಡ್ತೀನಿ. ನೀವು ಚಿಕ್ಕಂದಿನಲ್ಲಿ ಬೇಸಿಗೆ ರಜಾ ಬಂದಾಗ ಮಾಡಿದ ಮೊದಲ ಕೂಲಿ ಕೆಲಸ ಯಾವುದು? ಎಲ್ಲರಿಗೂ ನೆನಪಿರುತ್ತೆ. ಕಡಲೆಕಾಯಿ ಸುಲಿದಿದ್ದು, ಹುಣಸೆಹಣ್ಣು ಕುಟ್ಟಿ ಬೀಜ ತೆಗೆದಿದ್ದು, ಹಿಪ್ಪುನೇರಳೆ ಸೊಪ್ಪು ಕೊಯ್ದಿದ್ದು, ದ್ರಾಕ್ಷಿ ತೋಟ ಕಾದಿದ್ದು. ಸರಿ. ಈಗ ಎರಡನೇ ಪ್ರಶ್ನೆ. ಆ ಕೂಲಿ ಯಾರ ಕೈಗೆ ಹೋಯ್ತು? ಇದನ್ನ ಕೇಳಿದ್ರೆ ಬಹಳ ಜನ ಸ್ವಲ್ಪ ಹೊತ್ತು ಸುಮ್ಮನಾಗ್ತಾರೆ. ನಾನೂ ಹಾಗೇ ಬಹಳ ವರ್ಷ ಸುಮ್ಮನಿದ್ದವನು. ನನ್ನ ನಾಲ್ಕು ಕೆಲಸಗಳ ಕಥೆ ಹೇಳ್ತೀನಿ, ನಿಮ್ಮ ಕಥೆಯ ಪಕ್ಕ ಇಟ್ಟು ನೋಡಿ.

ಮೊದಲನೆಯದು ಮಣ್ಣಿನ ಕೆಲಸ. 1972-73ರ ಬರ ನಿಮ್ಮಲ್ಲಿ ವಯಸ್ಸಾದವರಿಗೆ ಗೊತ್ತು. ಆಗ ನಾವೆಲ್ಲ ಕೋಲಾರ ಜಿಲ್ಲೆಗೆ ಸೇರಿದವರು. ಚಿಕ್ಕಬಳ್ಳಾಪುರ ಜಿಲ್ಲೆ ಆಗಿದ್ದು 2007ರಲ್ಲಿ. ಕೆರೆ ಬಿರುಕು ಬಿಟ್ಟು ಒಣಗಿತ್ತು. ಸರ್ಕಾರ ಬರ ಪರಿಹಾರ ಅಂತ ಕೆರೆ ಹೂಳು ತೆಗೆಯೋ ಕೆಲಸ ಕೊಡ್ತು. ನನಗೆ ಹತ್ತು ವರ್ಷ. ಅವ್ವನ ಜೊತೆ ಹೋದೆ. ಅಗೆದ ಗುಂಡಿಯ ಆಳ ಎಷ್ಟಂತ ತೋರಿಸೋಕೆ ನಡುವೆ ಒಂದು ಮಣ್ಣಿನ ದಿಮ್ಮಿ ಹಾಗೇ ಬಿಟ್ಟಿರ್ತಿದ್ರು. ಮೇಸ್ತ್ರಿ ಬಂದು ಅದಕ್ಕೆ ಕೋಲು ಹಿಡಿದು ಅಳೀತಿದ್ದ. ಅಳತೆಗೆ ತಕ್ಕ ಹಾಗೆ ಕೂಲಿ. ಮಕ್ಕಳ ಹೆಸರು ಪಟ್ಟಿಯಲ್ಲಿ ಇರ್ತಿರಲಿಲ್ಲ. ಅವ್ವ ಅಗೆದಿದ್ದು, ನಾನು ಹೊತ್ತಿದ್ದು, ಎಲ್ಲಾ ಅವ್ವನ ಹೆಸರಲ್ಲೇ. ಅದರ ಬಗ್ಗೆ ನನಗೆ ಬೇಜಾರಿಲ್ಲ. ಆ ದುಡ್ಡಲ್ಲಿ ರಾಗಿ ಬಂತು, ಮುದ್ದೆ ಆಯ್ತು, ನಾನೂ ಉಂಡೆ. ಬಿಸಿಲಿಗೆ ಬುಟ್ಟಿಯ ಅಂಚು ತಲೆ ಮೇಲೆ ಕುತ್ತಿದ್ದು ಮಾತ್ರ ಇವತ್ತಿಗೂ ನೆನಪಿದೆ.

ಎರಡನೆಯದು ರೈಲಿನ ಕೆಲಸ. ಈಗಿನ ಹುಡುಗರಿಗೆ ಗೊತ್ತಿರಲಿಕ್ಕಿಲ್ಲ. ಆ ಕಾಲದಲ್ಲಿ ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ ಮೂರನ್ನೂ ಹಾದು ಕೋಲಾರದ ಕಡೆಗೆ ಹೋಗ್ತಿದ್ದುದು ಸಣ್ಣ ಹಳಿಯ ರೈಲು, ನ್ಯಾರೋ ಗೇಜು. ಈಗಿರೋ ದೊಡ್ಡ ಹಳಿ ಚಿಕ್ಕಬಳ್ಳಾಪುರದಿಂದ ಕೋಲಾರದವರೆಗೆ ತೆರೆದಿದ್ದು 2013ರಲ್ಲಿ. ಆ ಸಣ್ಣ ರೈಲಿಗೆ ಅವಸರ ಅನ್ನೋದೇ ಇರಲಿಲ್ಲ. ಅದು ನಮ್ಮಂಥ ಹುಡುಗರಿಗೆ ಅನುಕೂಲ. 1974ರ ಬೇಸಿಗೆಯಲ್ಲಿ ಅವ್ವ ಕಡಲೆಕಾಯಿ ಹುರಿದು ಕೊಡೋಳು. ಹಳೇ ಪತ್ರಿಕೆಯಲ್ಲಿ ಪೊಟ್ಟಣ ಕಟ್ಟಿ, ಹತ್ತು ಪೈಸೆಗೊಂದು ಅಂತ ಮಾರ್ತಿದ್ದೆ. ಚಿಲ್ಲರೆ ಎಣಿಸೋದು ಅಲ್ಲೇ ಕಲಿತೆ. ಕಾಯಿ ಕೊಂಡ ಖರ್ಚು ಅವ್ವನಿಗೆ ಕೊಟ್ಟ ಮೇಲೆ ದಿನಕ್ಕೆ ನಾಲ್ಕಾಣೆ ನನ್ನದು ಅಂತ ಒಪ್ಪಂದ. ಅವ್ವ ಒಂದು ದಿನವೂ ಮಾತಿಗೆ ತಪ್ಪಲಿಲ್ಲ. ಶಾಲೆ ತೆರೆಯೋ ಹೊತ್ತಿಗೆ ಆ ದುಡ್ಡಿನಲ್ಲೇ ನಾಲ್ಕು ನೋಟುಪುಸ್ತಕ, ಒಂದು ಹಳೇ ಗಣಿತದ ಪುಸ್ತಕ ಕೊಂಡೆ. ಆ ಪುಸ್ತಕದ ಮೊದಲ ಪುಟದಲ್ಲಿ ನನ್ನ ಹೆಸರು ಬರೆದಾಗ ಆದ ಸಂತೋಷ ಮುಂದೆ ಸಂಬಳ ತಗೊಂಡಾಗ ಆಗಲಿಲ್ಲ.

ಮೂರನೆಯದು ಶಿಡ್ಲಘಟ್ಟದ ಕೆಲಸ. ಇದನ್ನ ಸ್ವಲ್ಪ ವಿವರವಾಗಿ ಹೇಳಬೇಕು.

1975ರ ಮಾರ್ಚ್ ತಿಂಗಳು. ನಮ್ಮನೇಲಿ ಹುಳ ಮೇಯ್ತಾ ಇತ್ತು. ಮೂರನೇ ಜ್ವರ ಎದ್ದಿತ್ತು, ಇನ್ನು ನಾಲ್ಕನೇ ಜ್ವರ ಎದ್ದು ವಾರ ಮೇಯ್ದರೆ ಚಂದ್ರಿಕೆಗೆ ಬಿಡಬಹುದು ಅನ್ನೋ ಲೆಕ್ಕ. ಹುಳ ಸಾಕಿದವರಿಗೆ ಗೊತ್ತು, ಇಡೀ ಬೆಳೆಯ ಸೊಪ್ಪಿನಲ್ಲಿ ಮುಕ್ಕಾಲಿಗಿಂತ ಹೆಚ್ಚು ತಿನ್ನೋದು ಆ ಕೊನೇ ವಾರದಲ್ಲೇ. ನಮ್ಮ ಸೊಪ್ಪು ಸಾಲದು ಅಂತ ಅಪ್ಪ ಪಕ್ಕದ ತೋಟದ ಸೊಪ್ಪಿಗೆ ಸಾಲದ ಮೇಲೆ ಮಾತಾಡಿ ಬಂದಿದ್ದ. ಬಿಸಿಲಿನ ಝಳಕ್ಕೆ ಸಪ್ಪೆ ರೋಗ ಬಂತು. ಎರಡೇ ದಿನ. ತಟ್ಟೆ ತಟ್ಟೆ ಹುಳ ಎತ್ತಿ ತಿಪ್ಪೆ ಪಕ್ಕ ಗುಂಡಿ ತೋಡಿ ಮುಚ್ಚಿದ್ವಿ. ಗೂಡು ಹೋಯ್ತು, ಸೊಪ್ಪಿನ ಸಾಲ ಉಳೀತು.

ಅಪ್ಪ ಶಿಡ್ಲಘಟ್ಟಕ್ಕೆ ಹೋಗಿ ಒಬ್ಬ ನೂಲು ತೆಗೆಯೋರ ಹತ್ತಿರ 200 ರೂಪಾಯಿ ತಂದ. ರಾತ್ರಿ ಊಟಕ್ಕೆ ಕೂತಾಗ ಅವ್ವನಿಗೆ ಹೇಳಿದ, "ಹೆಂಗೂ ರಜಾ ಅಲ್ವಾ, ಸುಮ್ನೆ ಇರೋ ಬದಲು ಹುಡುಗ ಹೋಗಿ ಚರಕ ತಿರುಗಿಸಲಿ. ಬಡ್ಡಿ ಏನೂ ಇಲ್ವಂತೆ." ಅವ್ವ ಮಾತಾಡಲಿಲ್ಲ. ನನಗಂತೂ ಪೇಟೆಗೆ ಹೋಗೋ ಖುಷಿ.

ಚರಕ ಅಂದ್ರೆ ಗಾಂಧೀಜಿ ಚರಕ ಅಲ್ಲ. ರೇಷ್ಮೆ ಚರಕ. ಒಲೆ ಮೇಲೆ ಕುದಿಯೋ ನೀರಿನ ಬಾಣಲೆ, ಅದರಲ್ಲಿ ಗೂಡು. ನೂಲು ತೆಗೆಯೋ ಮನುಷ್ಯ ಆ ನೀರಿಗೆ ಬೆರಳದ್ದಿ ಎಳೆ ಹುಡುಕಿ, ಹಲವು ಗೂಡಿನ ಎಳೆ ಸೇರಿಸಿ ಒಂದು ದಾರ ಮಾಡಿ ಬಿಡ್ತಾನೆ. ಆ ಕಡೆ ಒಂದು ದೊಡ್ಡ ರಾಟೆ. ಅದನ್ನ ತಿರುಗಿಸೋಕೆ ಒಬ್ಬ ಹುಡುಗ ಬೇಕು. ಎಳೆ ತುಂಡಾದ ಕ್ಷಣವೇ ನಿಲ್ಲಿಸಬೇಕು, ಮತ್ತೆ ಸದ್ದಾದ ತಕ್ಷಣ ತಿರುಗಿಸಬೇಕು. ಬೆಳಿಗ್ಗೆ ಆರಕ್ಕೆ ಹಿಡಿದ ಹಿಡಿ ಕತ್ತಲಾಗೋವರೆಗೆ. ಒಂದು ಕಿಲೋ ರೇಷ್ಮೆಗೆ ಎಂಟು ಹತ್ತು ಕಿಲೋ ಗೂಡು ಬೇಯಬೇಕು. ಬೆಂದ ಹುಳದ ವಾಸನೆ ಮೈಗೆ ಹತ್ತಿದ್ರೆ ಸೀಗೆಕಾಯಿ ಹಾಕಿ ತಿಕ್ಕಿದ್ರೂ ಹೋಗೋದಿಲ್ಲ. ನನ್ನ ಎದುರು ಕೂತಿದ್ದ ನೂಲುಗಾರನ ಬೆರಳ ತುದಿ ಬೆಳ್ಳಗೆ ಬೆಂದು ಬಿರಿದಿರ್ತಿತ್ತು. ಊಟ ಮಾಡುವಾಗ ಖಾರ ತಾಗಿ ಹಲ್ಲು ಕಚ್ಚೋನು. ಒಳ್ಳೆ ಮನುಷ್ಯ. ಮನೇಲಿ ತೆಲುಗು, ಶಾಲೇಲಿ ಕನ್ನಡ ಕಲಿತಿದ್ದ ನನಗೆ ಉರ್ದುವಿನಲ್ಲಿ ನೂರರವರೆಗೆ ಎಣಿಸೋದು ಕಲಿಸಿದವನು ಅವನೇ.

ಈಗ ಲೆಕ್ಕ ನೋಡಿ. ನಾನಿದ್ದ ಕಡೆ ಮುಂಗಡ ತಗೊಳ್ಳದ ಹುಡುಗನಿಗೆ ದಿನಕ್ಕೆ ಒಂದೂವರೆ ರೂಪಾಯಿ. ಮುಂಗಡ ಇದ್ದ ಹುಡುಗನಿಗೆ ಮುಕ್ಕಾಲು ರೂಪಾಯಿ. ಬಡ್ಡಿ ಇಲ್ಲ ಅಂದ್ರಲ್ಲ, ಬಡ್ಡಿ ಇದ್ದಿದ್ದು ಇಲ್ಲಿ. ಐವತ್ತು ದಿನ ದುಡಿದೆ. ದಿನಕ್ಕೆ 75 ಪೈಸೆಯಂತೆ ಕಡಿಮೆ ಸಿಕ್ಕಿದ್ದು 37 ರೂಪಾಯಿ 50 ಪೈಸೆ. 200 ರೂಪಾಯಿ ಸಾಲಕ್ಕೆ ಐವತ್ತು ದಿನದ ಬಡ್ಡಿ 37 ರೂಪಾಯಿ 50 ಪೈಸೆ ಅಂದ್ರೆ, ವರ್ಷದ ಲೆಕ್ಕಕ್ಕೆ ನೂರಕ್ಕೆ 136 ರೂಪಾಯಿ ದಾಟುತ್ತೆ! ಸೊಸೈಟಿ ಬಡ್ಡಿ ದುಬಾರಿ ಅಂತ ಬೈತಿದ್ದ ನಮ್ಮಪ್ಪ ಈ ಬಡ್ಡಿಯನ್ನ ಬಡ್ಡಿ ಅಂತಲೇ ಗುರುತಿಸಲಿಲ್ಲ. ಯಾಕಂದ್ರೆ ಅದನ್ನ ಅವನು ಕೈಯಿಂದ ಎಣಿಸಿ ಕೊಡಲಿಲ್ಲ. ನಾನು ರಾಟೆ ತಿರುಗಿಸಿ ಕೊಟ್ಟೆ.

ಇನ್ನೊಂದು ಮಾತು. ಅಸಲು ಹಾಗೇ ನಿಂತಿತ್ತು. ಆದ್ದರಿಂದ ದಸರಾ ರಜಾದಲ್ಲಿ ಹದಿನೈದು ದಿನ ಹೋದೆ, 1976ರ ಬೇಸಿಗೆಯಲ್ಲಿ ಮತ್ತೆ ಐವತ್ತು ದಿನ, ಮತ್ತೆ ದಸರಾದಲ್ಲಿ ಹದಿನೈದು ದಿನ. ಒಟ್ಟು 130 ದಿನ, 97 ರೂಪಾಯಿ 50 ಪೈಸೆ ಬಡ್ಡಿ. ಏಳನೇ ಕ್ಲಾಸಿಗೆ ಬಂದವನು ಮುಂದಿನ ವರ್ಷ ಫೇಲಾಗ್ತಾನೆ ಅಂತ ಮೇಷ್ಟ್ರು ಮನೆಗೆ ಬಂದು ಹೇಳಿದ ಮೇಲೆ, 1977ರ ಯುಗಾದಿ ಹಿಂದು ಮುಂದಿನಲ್ಲಿ ಅಪ್ಪ ಒಂದು ಕರು ಮಾರಿ 200 ರೂಪಾಯಿ ಹಿಂದಕ್ಕೆ ಕೊಟ್ಟು ಬಂದ. ನ್ಯಾಯವಾಗಿ ಸಾಲ ತೀರಿಸಿದೆ ಅಂತ ನಾಲ್ಕು ಜನರ ಮುಂದೆ ಹೆಮ್ಮೆಯಿಂದ ಹೇಳ್ಕೊಂಡ.

ಆ ನೂಲು ತೆಗೆಸುವವರನ್ನ ರಾಕ್ಷಸ ಅಂತ ನಾನು ಹೇಳೋದಿಲ್ಲ. ಅವರ ಕಷ್ಟವನ್ನೂ ಹತ್ತಿರದಿಂದ ನೋಡಿದ್ದೀನಿ. ಗೂಡು ಕೊಳ್ಳೋಕೆ ಅವತ್ತವತ್ತೇ ನಗದು ಬೇಕು. ದಾರ ಮಾತ್ರ ವರ್ತಕ ಹೇಳಿದ ಬೆಲೆಗೆ, ಅವನು ಕೊಟ್ಟಾಗ ದುಡ್ಡು. ಹಾಗಾಗಿ ಅವರೂ ವರ್ತಕನ ಹತ್ತಿರ ಮುಂಗಡ ಹಿಡಿದವರೇ. ವರ್ತಕನ ಮುಂಗಡ ನೂಲಿನವನ ಮೇಲೆ, ನೂಲಿನವನ ಮುಂಗಡ ರೈತನ ಮೇಲೆ, ರೈತನ ಸಾಲ ಮಗನ ಮೇಲೆ. ಮಗನ ಕೆಳಗೆ ಯಾರೂ ಇಲ್ಲ. ಅಲ್ಲಿಗೆ ಬಂದು ಭಾರ ನಿಲ್ಲುತ್ತೆ. ರೇಷ್ಮೆ ದಾರದ ಬೆಲೆ ಕಾಯೋಕೆ ಅಂತ ಕರ್ನಾಟಕ ರೇಷ್ಮೆ ಮಾರಾಟ ಮಂಡಳಿ ಹುಟ್ಟಿದ್ದು 1979ರಲ್ಲಿ. ನನ್ನ ರಾಟೆ ಅಷ್ಟರಲ್ಲಿ ನಿಂತಿತ್ತು.

ನಾಲ್ಕನೆಯದು ನನ್ನ ಮೊದಲ ಸಂಬಳದ ಕೆಲಸ. ಇದನ್ನ ಹೇಳೋಕೆ ನಾಚಿಕೆ ಆಗುತ್ತೆ, ಆದ್ರೂ ಹೇಳ್ತೀನಿ.

ಪಿಯುಸಿ ಮುಗಿಸಿ ಮನೇಲಿ ಕೂತಿದ್ದೆ. 1982ರಲ್ಲಿ ಗೌರಿಬಿದನೂರು ಕಡೆ ರೈತರಿಗೆ ಸಾಲ ಕೊಡೋ ಒಂದು ಕಡೆ ತಾತ್ಕಾಲಿಕ ಕೆಲಸ ಸಿಕ್ತು. ತಿಂಗಳಿಗೆ 150 ರೂಪಾಯಿ, ಸೈಕಲ್ಲು ನನ್ನದೇ. ಕೆಲಸ ಏನಪ್ಪಾ ಅಂದ್ರೆ ವಸೂಲಿ ನೋಟೀಸು ಹಂಚೋದು. ಎರಡು ವರ್ಷದ ಹಿಂದೆ, 1980ರ ಜುಲೈನಲ್ಲಿ, ನರಗುಂದ ನವಲಗುಂದದಲ್ಲಿ ಗೋಲಿಬಾರ್ ಆಗಿ ಇಡೀ ರಾಜ್ಯದ ರೈತರು ಎದ್ದು ನಿಂತಿದ್ದ ಕಾಲ. ಊರೊಳಗೆ ಸೈಕಲ್ಲು ಬಂದ್ರೆ ಜನ ನನ್ನ ಮುಖ ನೋಡೋ ರೀತಿಯೇ ಬೇರೆ. ಉತ್ತರ ಪಿನಾಕಿನಿಯ ಮರಳು ದಾಟುವಾಗ ಸೈಕಲ್ಲು ತಳ್ಳಿಕೊಂಡು, ಹೋಗಿ ಏನಂತ ಹೇಳಲಿ ಅಂತ ಯೋಚಿಸ್ತಾ ಹೋಗ್ತಿದ್ದೆ.

ಒಂದು ಹಳ್ಳಿಯ ಒಂದು ಮನೆ. ಬಾವಿಗೆ ಪಂಪ್‌ಸೆಟ್ ಹಾಕಿಸೋಕೆ ಸಾಲ ತಗೊಂಡಿದ್ರು. ಪಂಪು ಬಂತು, ಬಾವಿ ಬತ್ತಿತು. ಬಾಕಿ 640 ರೂಪಾಯಿ. ಹದಿನೈದು ದಿನದಲ್ಲಿ ಕಟ್ಟದಿದ್ರೆ ಜಪ್ತಿ ಅಂತ ನೋಟೀಸು. ಏಪ್ರಿಲ್ ತಿಂಗಳು. ಕೊಟ್ಟು, ಹೆಬ್ಬೆಟ್ಟು ಒತ್ತಿಸಿಕೊಂಡು ಬಂದೆ. ಹದಿನೈದು ದಿನದ ಮೇಲೆ ಮತ್ತೆ ಹೋದ್ರೆ ಆ ತಾಯಿ ಸೆರಗಿನ ಗಂಟು ಬಿಚ್ಚಿ 300 ರೂಪಾಯಿ ಎಣಿಸಿ ಕೊಟ್ಟಳು. ರಸೀತಿ ಬರೀತಾ, "ಹೆಂಗೆ ಹೊಂದಿಸಿದ್ರಿ ತಾಯಿ?" ಅಂತ ಕೇಳಿದೆ. "ಮಗನ್ನ ಶಿಡ್ಲಘಟ್ಟಕ್ಕೆ ಕಳಿಸಿದೀವಿ ಸ್ವಾಮಿ. ಮುಂಗಡ ಕೊಟ್ರು. ಹೆಂಗೂ ರಜಾ ಅಲ್ವಾ, ಸುಮ್ನೆ ಇರೋ ಬದಲು" ಅಂದಳು.

ಅದೇ ಮಾತು. ಏಳು ವರ್ಷದ ಹಿಂದೆ ನಮ್ಮಪ್ಪ ಊಟಕ್ಕೆ ಕೂತು ಹೇಳಿದ ಅದೇ ಮಾತು. ಆ ರಸೀತಿ ನನ್ನ ಕೈಬರಹದಲ್ಲಿದೆ. ಹನ್ನೆರಡು ವರ್ಷದ ಹುಡುಗನ ಬೇಸಿಗೆಯನ್ನ ಜಮೆ ಮಾಡಿಕೊಂಡು ಸಹಿ ಹಾಕಿದವನು ನಾನು.

ಅವತ್ತೇ ಕೆಲಸ ಬಿಟ್ಟೆ ಅಂತ ಹೇಳಿದ್ರೆ ಭಾಷಣಕ್ಕೆ ಚೆನ್ನಾಗಿರ್ತಿತ್ತು. ಬಿಡಲಿಲ್ಲ. ಮನೇಲಿ ತಂಗಿ ಮದುವೆ ಸಾಲ ಇತ್ತು. ಹನ್ನೊಂದು ತಿಂಗಳು ಮಾಡಿದೆ.

ಆದ್ರೆ ಆ ವರ್ಷವೇ ಒಂದು ವಿಷಯ ತಿಳೀತು. ಸರ್ಕಾರಿ ಕಚೇರಿಯೊಂದರ ಗೋಡೆ ಮೇಲೆ ಮಾಸಿದ ಒಂದು ಪ್ರಕಟಣೆ ಅಂಟಿಸಿದ್ರು. ಯಾರನ್ನೋ ಕಾಯ್ತಾ ನಿಂತಿದ್ದವನು ಪೂರ್ತಿ ಓದಿದೆ. ಜೀತ ಪದ್ಧತಿ ರದ್ದತಿ ಕಾಯಿದೆ, 1976. ಜಾರಿ ಅಂತ ಲೆಕ್ಕ 1975ರ ಅಕ್ಟೋಬರ್ 25ರಿಂದಲೇ. ಅಲ್ಲೀವರೆಗೆ ನಾನು ಜೀತ ಅಂದ್ರೆ ಗೌಡರ ಮನೇಲಿ ವರ್ಷಗಟ್ಟಲೆ ದನ ಕಾಯೋದು ಅಂದ್ಕೊಂಡಿದ್ದೆ. ಕಾಯಿದೆ ಹೇಳೋದು ಬೇರೆ. ಮುಂಗಡ ತಗೊಂಡು, ಅದಕ್ಕೆ ಬದಲಾಗಿ ತಾನಾಗಲಿ, ತನ್ನ ಮನೆಯವರಲ್ಲಿ ಒಬ್ಬರಾಗಲಿ, ಕೂಲಿ ಇಲ್ಲದೆ ಅಥವಾ ಹೆಸರಿಗೆ ಮಾತ್ರ ಕೂಲಿ ತಗೊಂಡು ದುಡಿಯೋ ಕರಾರು ಇದ್ರೆ ಅದು ಜೀತವೇ. ಬಾಯಿ ಮಾತಿನ ಕರಾರು ಆದ್ರೂ ಅಷ್ಟೇ. ಅಂಥ ಸಾಲ ತೀರಿಸೋ ಹೊಣೆಯೇ ಇಲ್ಲ, ಸಾಲವೇ ಅಳಿದು ಹೋಯ್ತು. ಜೀತಕ್ಕೆ ಇಟ್ಟುಕೊಂಡವರಿಗೆ ಮೂರು ವರ್ಷದವರೆಗೆ ಸಜೆ, ಎರಡು ಸಾವಿರದವರೆಗೆ ದಂಡ.

ನಾನು ಅಲ್ಲೇ ನಿಂತು ಲೆಕ್ಕ ಹಾಕಿದೆ. ಅಪ್ಪ ಕರು ಮಾರಿದ್ದು 1977ರಲ್ಲಿ. ಕಾನೂನು ಬಂದು ಅಷ್ಟು ಹೊತ್ತಿಗೆ ವರ್ಷ ಕಳೆದಿತ್ತು. ಇಲ್ಲದ ಸಾಲಕ್ಕೆ ಕರು ಮಾರಿದ್ವಿ. ನಮಗೆ ಹೇಳಿದವರು ಯಾರು? ಯಾರೂ ಇಲ್ಲ. ವಸೂಲಿ ನೋಟೀಸು ಹಂಚೋಕೆ ಸೈಕಲ್ಲಿನ ಮೇಲೆ ಹುಡುಗ ಬರ್ತಾನೆ. ಸಾಲ ರದ್ದಾಯ್ತು ಅನ್ನೋ ನೋಟೀಸು ಹಂಚೋಕೆ ಯಾವ ಸೈಕಲ್ಲೂ ಬರಲಿಲ್ಲ.

ಆ ತಾಯಿಯ ಮನೆಗೆ ಹೋಗಿ ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡು, "ಕಾನೂನು ಹೇಳಿ ಹುಡುಗನ್ನ ಕರ್ಕೊಂಡು ಬರಬಹುದು ಸ್ವಾಮಿ. ಬರೋ ವರ್ಷ ಬಾವಿ ಮತ್ತೆ ಬತ್ತಿದ್ರೆ 300 ರೂಪಾಯಿ ಯಾರು ಕೊಡ್ತಾರೆ? ನೀವು ಕೊಡ್ತೀರಾ?" ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಅವಳು ಕೇಳಿದ್ದು ಸರಿಯಾದ ಪ್ರಶ್ನೆಯೇ. ಬೆಳೆಗೆ ಬೆಲೆ ಇಲ್ಲದೆ, ಕಷ್ಟಕ್ಕೆ ನ್ಯಾಯವಾದ ಸಾಲ ಸಿಗದೆ, ಬರೀ ಕಾನೂನು ಗೋಡೆ ಮೇಲೆ ಅಂಟಿದ್ರೆ ಅದು ಗೋಡೆಗೆ ಮಾತ್ರ ಆಗುತ್ತೆ.

ಇಲ್ಲಿ ಒಬ್ಬ ಹಿರಿಯರು ಎದ್ದು ಕೇಳಿದ್ರು, "ಏನಯ್ಯಾ, ಹಾಗಾದ್ರೆ ಮಕ್ಕಳು ದುಡೀಲೇಬಾರದಾ? ನಮ್ಮ ವಿಶ್ವೇಶ್ವರಯ್ಯನವರು ದುಡಿದು ಓದಲಿಲ್ವಾ?" ಒಳ್ಳೆ ಪ್ರಶ್ನೆ. ಚಿಕ್ಕಬಳ್ಳಾಪುರದ ಪಕ್ಕದ ಮುದ್ದೇನಹಳ್ಳಿಯ ಹುಡುಗ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುವಾಗ ಮನೆಪಾಠ ಹೇಳಿ ಖರ್ಚು ನೋಡಿಕೊಂಡರು, 1881ರಲ್ಲಿ ಬಿ.ಎ. ಮುಗಿಸಿದರು, 1884ರಲ್ಲಿ ಮುಂಬಯಿ ಸರ್ಕಾರದಲ್ಲಿ ಎಂಜಿನಿಯರ್ ಆಗಿ ಮೊದಲ ಕೆಲಸಕ್ಕೆ ಸೇರಿದರು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಎಚ್. ನರಸಿಂಹಯ್ಯನವರು 1935ರಲ್ಲಿ ಓದೋಕೆ ಅಂತ ಬೆಂಗಳೂರಿಗೆ ನಡೆದೇ ಹೋದರು. ಮುಂದೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾದರು. ಕಷ್ಟ ಅವರಿಗೂ ಇತ್ತು. ಆದ್ರೆ ವ್ಯತ್ಯಾಸ ಗಮನಿಸಿ. ಮುದ್ದೇನಹಳ್ಳಿಯ ಹುಡುಗನ ಮನೆಪಾಠದ ದುಡ್ಡು ಅವನ ಓದಿಗೇ ಹೋಯ್ತು. ಹೊಸೂರಿನ ಹುಡುಗ ಸವೆಸಿದ ದಾರಿ ಅವನನ್ನ ಶಾಲೆಗೇ ಮುಟ್ಟಿಸಿತು. ನನ್ನ ಕಡಲೆಕಾಯಿ ದುಡ್ಡೂ ಹಾಗೇ, ಪುಸ್ತಕ ಆಯ್ತು. ರಾಟೆಯ ದುಡ್ಡು ಮಾತ್ರ ಬಡ್ಡಿ ಆಯ್ತು. ರಾಟೆ ತಿರುಗಿಸಿದ ತೋಳು ಅದೇ, ಬೆವರು ಅದೇ. ದುಡಿಯೋ ಮೊದಲೇ ಖರ್ಚಾಗಿ ಹೋದ ಕೂಲಿ ಯಾವ ಮಗುವನ್ನೂ ಮೇಲಕ್ಕೆ ಎತ್ತೋದಿಲ್ಲ.

"ಇದೆಲ್ಲ ಹಳೇ ಕಥೆ" ಅನ್ನಬೇಡಿ. 2003ರಲ್ಲಿ ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ ಭಾರತದ ರೇಷ್ಮೆ ಉದ್ಯಮದಲ್ಲಿ ಮುಂಗಡಕ್ಕೆ ಸಿಕ್ಕಿಬಿದ್ದ ಮಕ್ಕಳ ಬಗ್ಗೆ ಒಂದು ದೊಡ್ಡ ವರದಿಯನ್ನೇ ತಂದಿತು. ಅದರಲ್ಲಿ ನಮ್ಮ ಕರ್ನಾಟಕದ ಹೆಸರೂ ಇದೆ. ಕಾಯಿದೆ ಬಂದು ಇಪ್ಪತ್ತೇಳು ವರ್ಷದ ಮೇಲಿನ ಮಾತದು. 2011ರ ಬಜೆಟ್ಟಿನಲ್ಲಿ ಹೊರದೇಶದ ಕಚ್ಚಾ ರೇಷ್ಮೆ ಮೇಲಿನ ಸುಂಕವನ್ನ ನೂರಕ್ಕೆ 30ರಿಂದ 5ಕ್ಕೆ ಇಳಿಸಿದ್ರು. ಗೂಡಿನ ಬೆಲೆ ಕುಸೀತು. ದೆಹಲಿಯಲ್ಲಿ ಒಂದು ಗೆರೆ ಬದಲಾಯಿಸಿದ್ರೆ ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ ರೈತನ ಮುಖ ಬಾಡುತ್ತೆ, ಅದಾದ ಮೇಲೆ ಮನೇಲಿ ಯಾರ ಓದು ನಿಲ್ಲುತ್ತೆ ಅಂತ ನಿಮಗೇ ಗೊತ್ತು.

ಈಗ ಶಿಡ್ಲಘಟ್ಟದಲ್ಲಿ ತಾನೇ ತಿರುಗೋ ರೀಲಿಂಗ್ ಯಂತ್ರ ಬಂದಿವೆ, ಗೂಡಿನ ಹರಾಜು ಮೊಬೈಲಿಗೆ ಬಂದಿದೆ. ನಮ್ಮ ಹುಡುಗರು ಬೆಂಗಳೂರಿನಲ್ಲಿ ಬೈಕಿನ ಮೇಲೆ ಊಟದ ಪೊಟ್ಟಣ ಹಂಚ್ತಾರೆ. ಅದಕ್ಕೆ ಬೈಕು ಬೇಕು, ಬೈಕಿಗೆ ಸಾಲ, ಸಾಲಕ್ಕೆ ತಿಂಗಳ ಕಂತು. ಮೊದಲ ಸಂಬಳ ಬರೋ ಮೊದಲೇ ಮೊದಲ ಕಂತು ಬಂದಿರುತ್ತೆ. ಹೆಣ್ಣುಮಕ್ಕಳ ಗುಂಪಿನ ಹೆಸರಲ್ಲಿ ಕೊಟ್ಟ ಸಣ್ಣ ಸಾಲದ ವಸೂಲಿ ಕಿರುಕುಳ ಎಲ್ಲೆ ಮೀರಿ, 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯ್ತು. ಚರಕ ಹೋಯ್ತು, ಮುಂಗಡ ಹೋಗಲಿಲ್ಲ.

ಕೊನೆಗೆ ಮೂರು ಮಾತು ಹೇಳಿ ಮುಗಿಸ್ತೀನಿ.

ಒಂದು, 2016ರ ತಿದ್ದುಪಡಿ ಆದ ಮೇಲೆ ಹದಿನಾಲ್ಕು ವರ್ಷದೊಳಗಿನ ಮಗುವನ್ನ ಯಾವ ಕೆಲಸಕ್ಕೂ ಇಟ್ಟುಕೊಳ್ಳೋ ಹಾಗಿಲ್ಲ. ಶಾಲೆ ಬಿಟ್ಟ ಮೇಲೆ ಅಥವಾ ರಜಾದಲ್ಲಿ, ಅಪಾಯ ಇಲ್ಲದ ಸ್ವಂತ ಮನೆ ಕೆಲಸಕ್ಕೆ ನೆರವಾಗಬಹುದು, ಅಷ್ಟೇ. ನಿಮ್ಮ ಮಗ ನಿಮ್ಮ ತೋಟದಲ್ಲಿ ಸೊಪ್ಪು ಕೊಯ್ಯಲಿ, ತಪ್ಪಿಲ್ಲ. ಪರರ ಖಾತೆ ಪುಸ್ತಕದಲ್ಲಿ ಅವನ ಹೆಸರು ಬರೋದು ಬೇಡ.

ಎರಡು, ಬಡ್ಡಿ ಇಲ್ಲ ಅಂತ ಯಾರಾದ್ರೂ ದುಡ್ಡು ಕೊಟ್ರೆ, ಬಡ್ಡಿಯನ್ನ ಕೂಲಿಯಲ್ಲಿ ಹುಡುಕಿ. ತೂಕದಲ್ಲಿ ಹುಡುಕಿ, ಬೆಲೆಯಲ್ಲಿ ಹುಡುಕಿ. ಎಲ್ಲೋ ಒಂದು ಕಡೆ ಇದ್ದೇ ಇರುತ್ತೆ. ಸಿಕ್ಕ ಮೇಲೆ ಒಂದು ಕಾಗದದ ಮೇಲೆ ನನ್ನ ಹಾಗೆ ಗುಣಿಸಿ ನೋಡಿ, ಮನೆಯವರಿಗೆಲ್ಲ ಓದಿ ಹೇಳಿ.

ಮೂರು, ಮುಂಗಡಕ್ಕೆ ದುಡೀತಿರೋ ಮಗು ಕಣ್ಣಿಗೆ ಬಿದ್ರೆ ಜಿಲ್ಲಾಧಿಕಾರಿಗೆ, ತಹಸೀಲ್ದಾರರಿಗೆ ಬರೆದು ಕೊಡಿ. 1098ಕ್ಕೆ ಫೋನು ಮಾಡಿ. ಅದರ ಜೊತೆಗೇ ಆ ಮನೆಯ 300 ರೂಪಾಯಿಯ ಪ್ರಶ್ನೆಗೆ ಊರೆಲ್ಲ ಸೇರಿ ಉತ್ತರ ಹುಡುಕಿ. ಸೊಸೈಟಿಯಲ್ಲೋ, ಸಂಘದಲ್ಲೋ ಒಂದು ಕಷ್ಟದ ನಿಧಿ ಇಡಿ. ಆ ತಾಯಿಗೆ ನಾನು ಅವತ್ತು ಕೊಡಲಾರದ ಉತ್ತರ ಅದು.

ಆ ಹುಡುಗನನ್ನ ನಾನು ಮುಂದೆ ನೋಡಲಿಲ್ಲ. ಅವನಿಗೀಗ ಐವತ್ತು ದಾಟಿರಬೇಕು. ಈ ಪತ್ರಿಕೆ ಅವನ ಊರಿಗೂ ಹೋಗಬಹುದು. ಓದಿದರೆ, ರಸೀತಿ ಬರೆದವನು ತಪ್ಪು ಒಪ್ಪಿಕೊಂಡಿದ್ದಾನೆ ಅಂತ ತಿಳಿಯಲಿ.

ಉಳಿದ ಓದುಗರು ಒಂದು ಕಾಗದ ಬರೀರಿ. ನಿಮ್ಮ ಮೊದಲ ದುಡಿಮೆ ಯಾವುದು, ಯಾವ ವರ್ಷ, ದಿನಕ್ಕೆ ಕೂಲಿ ಎಷ್ಟು, ಅದು ಯಾರ ಕೈಗೆ ಹೋಯ್ತು. ನಾಲ್ಕು ಸಾಲು ಸಾಕು. ಇಷ್ಟು ವರ್ಷ ನಮ್ಮ ಮಕ್ಕಳು ಕಟ್ಟಿದ ಬಡ್ಡಿ ಎಷ್ಟು ಅಂತ ಕೂಡಿಸಿ ನೋಡೋಣ.